ಮಾವನ ಸಾಂಬಾರು, ನನ್ನ ಪರದೆ

ಸಾಂಬಾರು ಕುಡಿದು ಮೂರು ಊರಿನ ವ್ಯವಹಾರ ನಡೆಸುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಏನು ಮಾಡಲಿ, ಅವರು ನನ್ನ ಸೋದರಮಾವ!

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಮಾವನಿಗೆ ಒಂದೊಂದು ಹೋಟೆಲು. ದಿನಾ ಬೆಳಿಗ್ಗೆ ಉಳಿದೆರಡು ಊರಿನ ಸಾಂಬಾರು ಡಬ್ಬಿಯಲ್ಲಿ, ಬಸ್ಸು ಹತ್ತಿ ಮಾವ ಕೂರುವ ಕುಂದಾಪುರಕ್ಕೆ ಬರಬೇಕು. ಮಾವ ಒಂದು ಗುಟುಕು ಹೀರಿ ಕಣ್ಣು ಮುಚ್ಚುತ್ತಾರೆ.

"ಬೈಂದೂರ್ ಭಟ್ರ್ ಮನಿಯಗೆ ಎಂತದೋ ಗಲಾಟಿ. ಉಪ್ಪ್ ಕಾಣಿ!"

ಫೋನ್ ಮಾಡಿದರೆ ಭಟ್ಟರ ಮನೆಯಲ್ಲಿ ಪರಮಶಾಂತಿ. ಅಡುಗೆ ಮಾಡಿದ ಭಟ್ಟರಿಗೆ ನೆಗಡಿ, ಅಷ್ಟೇ!

ಇಂಥವರಿಗೆ ಸೋದರಸೊಸೆ ನಾನು ಗಣಕದ ಮಾಹಿತಿ ವ್ಯವಸ್ಥೆ ಮಾಡಿಕೊಟ್ಟೆ. ಮಾರಾಟ, ದಾಸ್ತಾನು ಎಲ್ಲ ಒಂದೇ ಪರದೆಯ ಮೇಲೆ. ಗೆಳತಿಯೂ ನಾನೂ ಸೇರಿ ಶುರುಮಾಡಿದ ಪುಟ್ಟ ಕಂಪನಿಗೆ ಮಾವನೇ ಮೊದಲ ಗಿರಾಕಿ. ಅವರು ಬಳಸದಿದ್ದರೆ ನಾವು ಬಾಗಿಲು ಹಾಕಬೇಕು. ತಲ್ಲೂರಿನ ಹೋಟೆಲಿನವರು ಆಗಲೇ, "ನಿಮ್ ಮಾವನೇ ಅದನ್ನ್ ಕಾಣುದಿಲ್ಲ ಅಂಬ್ರ್, ನಮಗೆಂತಕೆ?" ಎಂದಿದ್ದರು.

ಮೊದಲು ಕೊಟ್ಟ ಟ್ಯಾಬು ಸಾಂಬಾರಿನ ಡಬ್ಬಿಗೆ ಮುಚ್ಚಳವಾಯಿತು. ಆಮೇಲೆ ಗೋಡೆಗೆ ದೊಡ್ಡ ಪರದೆ ಹಾಕಿದೆ. ಮಾವ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ದಿನಾ ಊದುಬತ್ತಿ ಬೆಳಗಿದರು. ಸ್ವಿಚ್ ಮಾತ್ರ ಹಾಕಲಿಲ್ಲ!

ನನಗೆ ರೇಗಿತು. "ಮಾವ, ಇದ್ರಗೆ ಎಲ್ಲ ಇತ್ತ್! ನಿಮಗೆ ಎಂತ ಬೇಕ್ ಹೇಳಿ!"

ಮಾವ ಲೋಟ ಕೆಳಗಿಟ್ಟರು. "ನಮ್ ಹುಡ್ಗ್ರೆಲ್ಲ ಉಂಡ್ರಾ ಅಂತ ಇದ್ ಹೇಳತ್ತಾ?"

ಅದೊಂದು ಮಾತ್ರ ಅದರಲ್ಲಿರಲಿಲ್ಲ.

"ಮುಂಬೈ ಹೋಟ್ಲಗೆ ಪ್ಲೇಟ್ ತೊಳೂವತ್ತಿಗೆ ನನ್ನ ಉಂಡ್ಯಾ ಅಂತ ಕೇಂಬರೇ ಇರ್ಲಿಲ್ಲ ಹೆಣೆ," ಎಂದರು.

ಇಂಥ ವ್ಯವಸ್ಥೆಗಳು ಗೆಲ್ಲುವುದು ಹೇಗೆ ಎಂದು ನಾನು ಓದದ ಪುಸ್ತಕವಿಲ್ಲ. ಯಜಮಾನರ ಬೆಂಬಲ ಬೇಕು, ಬಳಕೆ ಸುಲಭವಿರಬೇಕು ಎಂದೆಲ್ಲ ಬಾಯಿಪಾಠ. ಆದರೆ ಈ ಯಜಮಾನರಿಗೆ ಏನು ತಿಳಿಯಬೇಕು ಎಂದು ಕೇಳಿದ್ದು ಅದೇ ಮೊದಲು!

ಪರದೆಯ ತಲೆಯ ಮೇಲೆ ಮೂರು ದೀಪ ಮೂಡಿಸಿದೆ. ಕೆಲಸದವರ ಊಟ ಮುಗಿದಾಗ ಆಯಾ ಹೋಟೆಲಿನ ಮ್ಯಾನೇಜರು ಗುಂಡಿ ಒತ್ತಿದರೆ ದೀಪ ಹಸಿರು. ಈಗ ಮಧ್ಯಾಹ್ನವಾದರೆ ಮಾವ ಕುರ್ಚಿ ಎಳೆದುಕೊಂಡು ಅದರ ಮುಂದೆ ಹಾಜರು! ಹಸಿರಿಗೆ ಕಾಯುತ್ತ ಕೆಳಗಿನ ಮಾರಾಟದ ಅಂಕಿಗಳನ್ನೂ ಓದಿ ಮ್ಯಾನೇಜರರ ಬೆವರಿಳಿಸುತ್ತಾರೆ. ಇದನ್ನು ನೋಡಿದ ತಲ್ಲೂರಿನವರೂ ಆರ್ಡರ್ ಕೊಟ್ಟರು. ಸಾಂಬಾರು ಈಗಲೂ ಬಸ್ಸಿನಲ್ಲೇ ಬರುತ್ತದೆ, ಅದು ಬೇರೆ ಮಾತು.

ಮೊನ್ನೆ ತಲ್ಲೂರಿನಲ್ಲಿ ಏಣಿ ಹತ್ತಿ ಪರದೆ ಕೂರಿಸುತ್ತಿದ್ದೆ. ಮಾವನ ಫೋನು.

"ಹೆಣೆ, ಮೂರೂ ಕಡೆ ಹಸ್ರ್ ಬಂತ್."

"ಒಳ್ಳೆದಾಯ್ತ್ ಮಾವ!"

"ನಿನ್ ದೀಪ ಎಲ್ಲಿತ್ತ್ ಇದ್ರಗೆ? ನೀನ್ ಉಂಡ್ಯಾ?"

ಏಣಿ ಇಳಿದೆ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.