ಏಡನ್ನಿನ ಮನೆ ಮತ್ತು ನನ್ನ ಬೀಗರು

ಹೋದ ಆಸ್ತಿಯನ್ನು ವಾಪಸು ಪಡೆಯುವ ಕಲೆಯಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಇಡೀ ಸೆರಿಟೋಸ್‌ನಲ್ಲಿ ನನಗೆ ಸಮಾನರಿಲ್ಲ ಎಂದು ಎರಡು ತಿಂಗಳು ನಂಬಿದ್ದೆ.

ಕೊರೋನಾ ಮುಗಿದ ವರ್ಷ ಸ್ಯಾನ್ ಡಿಯೇಗೋದಿಂದ ನನ್ನ ಬೀಗರು, ಅಂದರೆ ಸೊಸೆಯ ಅಪ್ಪ ರಹಮತ್ ಸಾಹೇಬರು, ಫೋನ್ ಮಾಡಿದರು. ಅವರ ತಾತನೂ ನನ್ನ ತಾತನೂ ಮೈಸೂರಿನಿಂದ ಯೆಮನ್‌ನ ಏಡನ್ನಿಗೆ ಹೋಗಿ ಊದುಬತ್ತಿ ಮಾರಿದವರು. ಆಮೇಲೆ ಅಲ್ಲಿ ಕಮ್ಯುನಿಸ್ಟರು ಬಂದು ಮನೆಗಳನ್ನೆಲ್ಲ ಸರ್ಕಾರದ್ದು ಮಾಡಿಕೊಂಡರು.

"ತಾತನ ಮನೆಗೆ ಕ್ಲೇಮ್ ಹಾಕಿದೀನಿ ಬೀಗರೇ. ಅಲ್ಲೇ ಒಬ್ರು ಲಾಯರ್ ಸಿಕ್ಕಿದಾರೆ. ಅದು ನಮ್ದು ಅನ್ನೋಕೆ ಒಂದು ಹಳೇ ಕಾಗದ ಸಿಕ್ಕಿಬಿಟ್ರೆ ಸಾಕು. ಸಮುದ್ರ ಕಾಣೋ ಮನೆ."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅವರ ಮನೆಯಿಂದ ಈಗಲೇ ಟೊರ್ರಿ ಪೈನ್ಸ್‌ನ ಸಮುದ್ರ ಕಾಣುತ್ತದೆ. ಒಬ್ಬ ಮನುಷ್ಯನಿಗೆ ಎಷ್ಟು ಸಮುದ್ರ ಬೇಕು?

"ಏಡನ್ನಲ್ಲಿ ನಮ್ಮನೆ ಎರಡು ಮಹಡಿ" ಎಂದು ನನ್ನ ಅಜ್ಜಿಯೂ ಸಾಯುವವರೆಗೆ ಹೇಳುತ್ತಿದ್ದಳು. ಮೈಸೂರಿನ ತಮ್ಮನಿಂದ ಅಜ್ಜಿಯ ಟ್ರಂಕನ್ನೇ ತರಿಸಿದೆ. ತಳದಲ್ಲಿ ಸಿಕ್ಕಿತು, ದೊಡ್ಡ ಮೊಹರಿನ ಅರಬ್ಬಿ ಕಾಗದ.

ಅರಬ್ಬಿ ಓದುವುದರಲ್ಲಿ ಮದರಸಾದಿಂದಲೂ ನಾನೇ ಫಸ್ಟ್. ಎಲ್ಲೂ ತಡವರಿಸದೆ, ರಾಗವಾಗಿ ಹೆಂಡತಿಯ ಮುಂದೆ ಓದಿದೆ.

"ಚೆನ್ನಾಗಿ ಓದಿದ್ರಿ. ಅರ್ಥ ಏನ್ರೀ?" ಎಂದಳು ಮುಮ್ತಾಜ್.

"ತಾತನ ಹೆಸರಿದೆಯಲ್ಲ, ಇನ್ನೇನು ಅರ್ಥ ಬೇಕು?"

"ಅದರ ಮೇಲೆ ಇನ್ನೊಂದು ಹೆಸರಿದೆಯಲ್ಲ?"

"ಸಾಕ್ಷಿ."

ಬೀಗರ ಲಾಯರಿಗೇ ಸ್ಕ್ಯಾನ್ ಕಳಿಸಿ ನಾನೂ ಅಪ್ಲೈ ಮಾಡಿದೆ. ಬೀಗರಿಗೆ ಮಾತ್ರ, ಬರಹವನ್ನು ಹೆಬ್ಬೆರಳಿನಿಂದ ಮುಚ್ಚಿ, ಮೊಹರಿನ ಫೋಟೋ ಕಳಿಸಿ, "ಇದೇನು ಹೇಳಿ ನೋಡೋಣ" ಎಂದು ವಾರಗಟ್ಟಲೆ ಕಾಡಿದೆ. ಅವರು ಒದ್ದಾಡಿದಷ್ಟೂ ನನಗೆ ಊಟ ರುಚಿಸುತ್ತಿತ್ತು.

ಲಾಯರ ಉತ್ತರ ಬಂತು. ಅದು ಬಾಡಿಗೆ ಕರಾರು. ಅಜ್ಜಿ ಸುಳ್ಳು ಹೇಳಿರಲಿಲ್ಲ; ನಮ್ಮಲ್ಲಿ ಬಾಡಿಗೆಗೆ ಇರುವವರೂ 'ನಮ್ಮನೆ' ಎಂದೇ ಹೇಳುವುದು. ಮೇಲಿನ ಹೆಸರು ಸಾಕ್ಷಿಯದಲ್ಲ, ಮಾಲೀಕರದು. ಬೀಗರ ತಾತ! ಅವರು ಹುಡುಕುತ್ತಿದ್ದ ಕಾಗದವೇ ಇದು. ಒರಿಜಿನಲ್ ಬೇಕಂತೆ.

"ಹರಿದು ಹಾಕಿಬಿಡ್ಲಾ?" ಎಂದೆ.

"ಹಾಕಿ. ಸೊಸೆಗೆ ನಾನೇ ಹೇಳ್ತೀನಿ," ಎಂದು ಮುಮ್ತಾಜ್ ಕಾರಿನ ಕೀ ಕೈಗಿಟ್ಟಳು.

ಸ್ಯಾನ್ ಡಿಯೇಗೋವರೆಗೆ ಡ್ರೈವ್ ಮಾಡಿ ನಾನೇ ಒಪ್ಪಿಸಿದೆ. ಬೀಗರು ಕಾಗದವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಮುಂದೆ ಒಂದು ಅಫಿಡವಿಟ್ ಇಟ್ಟರು. ನನ್ನ ತಾತ ಅವರ ತಾತನ ಬಾಡಿಗೆದಾರ ಎಂದು ನಾನು ಪ್ರಮಾಣ ಮಾಡಬೇಕಂತೆ.

ಮಾಡಿದೆ. ಹೊಟ್ಟೆಯುರಿಗೆ ಸಹಿ ಗೆರೆ ದಾಟಿ ಎಲ್ಲೋ ಹೋಯಿತು.

"ಪರವಾಗಿಲ್ಲ ಬೀಗರೇ," ಎಂದು ಅವರು ಇನ್ನೊಂದು ಪ್ರತಿ ಮುಂದಿಟ್ಟರು. "ನಿಮ್ಮ ವಿಷ್ಯ ನಂಗೊತ್ತಿಲ್ವಾ? ನಾಲ್ಕು ಪ್ರಿಂಟ್ ತೆಗೆದಿಟ್ಟಿದೀನಿ."