ಮರಿಯಪ್ಪನವರ ಇಂಪೋರ್ಟೆಡ್ ಸೋಫಾ

"ಅಂಗಡಿ ಸೋಫಾಕ್ಕೆ ದುಡ್ಡು ಸುರಿಯೋನು ಮೂರ್ಖ! ನಾನು ಮಾಡಿಸಿ ತೋರಿಸ್ತೀನಿ ನೋಡ್ತಾ ಇರು. ರಾಜಾಜಿನಗರದೋರು ಬಸ್ ಹತ್ತಿಕೊಂಡು ನೋಡೋಕೆ ಬರಬೇಕು!"

ಮರಿಯಪ್ಪನವರು ಹೀಗೆ ಘೋಷಿಸಿದ್ದು ಕೆಂಗೇರಿ ಉಪನಗರದ ತಮ್ಮ ಹೊಸ ಫ್ಲಾಟಿನ ಹಾಲ್‌ನಲ್ಲಿ ನಿಂತು. ಹಾಲ್ ಎಷ್ಟು ಖಾಲಿಯಾಗಿತ್ತೆಂದರೆ ಘೋಷಣೆಯ ಕೊನೆಯ ಎರಡು ಪದ ಗೋಡೆಗೆ ಬಡಿದು ಅವರಿಗೇ ವಾಪಸು ಬಂದವು. ಏಳು ವರ್ಷ ಕಾದು, ಇದ್ದಬದ್ದದ್ದನ್ನೆಲ್ಲ ಕಟ್ಟಿ, ಮೊದಲ ಮಹಡಿಯ ಈ ಫ್ಲಾಟು ಕೈಗೆ ಬರುವ ಹೊತ್ತಿಗೆ ಅವರ ಬಳಿ ಉಳಿದಿದ್ದದ್ದು ಉತ್ಸಾಹ ಮಾತ್ರ.

ಹೆಂಡತಿ ಸತ್ಯವತಿಗೆ ಬೇಕಾಗಿದ್ದದ್ದು ಒಂದೇ. ರಾಜಾಜಿನಗರದಲ್ಲಿದ್ದ ಅಕ್ಕ ವತ್ಸಲಾಳ ಮನೆಗೆ ಹೋದಾಗಲೆಲ್ಲ ಅಕ್ಕ ಬಾಗಿಲಲ್ಲೇ, "ಸೋಫಾ ಮೇಲೆ ಹುಷಾರು ಕಣೇ ಸತ್ಯಾ, ಕವರ್ ಹೊಸದು," ಎನ್ನುತ್ತಿದ್ದಳು. ಹತ್ತು ವರ್ಷದಿಂದ ಅದೇ ಕವರು, ಹತ್ತು ವರ್ಷದಿಂದಲೂ ಹೊಸದು! ಗೃಹಪ್ರವೇಶದ ದಿನ ಅಕ್ಕನನ್ನು ತನ್ನ ಸ್ವಂತ ಸೋಫಾದ ಮೇಲೆ ಕೂರಿಸಿ, ಆ ಮಾತನ್ನು ಒಂದೇ ಒಂದು ಸಲ ವಾಪಸು ಹೇಳಿಬಿಡಬೇಕು. ಪಾತ್ರೆ ತೊಳೆಯುವಾಗ ಸತ್ಯವತಿ ಆ ಮಾತನ್ನು ಅಭ್ಯಾಸ ಕೂಡ ಮಾಡಿಕೊಳ್ಳುತ್ತಿದ್ದಳು.

"ರೀ, ಸೋಫಾ ಒಂದು ಚೆನ್ನಾಗಿರಲಿ. ಬೇರೇನೂ ಕೇಳಲ್ಲ ನಾನು."

"ಚೆನ್ನಾಗಿರೋದೇನು ಬಂತು? ಇಂಪೋರ್ಟೆಡ್ಡೇ ಇರತ್ತೆ!"

ಇದು ಸುಳ್ಳಲ್ಲ. ಮರಿಯಪ್ಪನವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರು. ಜರ್ಮನಿಯಿಂದ ಹೊಸ ಮಿಷನ್ನು ಬಂದಿತ್ತು. ಅದು ಬಂದ ಪ್ಯಾಕಿಂಗ್ ಪೆಟ್ಟಿಗೆಗಳನ್ನು ನೌಕರರಿಗೆ ಅಗ್ಗಕ್ಕೆ ಕೊಡುತ್ತಿದ್ದರು. ಮರಿಯಪ್ಪನವರು ಎಲ್ಲರಿಗಿಂತ ಮೊದಲು ಹೆಸರು ಬರೆಸಿ, ಆನೆ ಹಿಡಿಸುವಂಥ ಎರಡು ಪೆಟ್ಟಿಗೆಗಳನ್ನು ಮನೆಗೆ ಸಾಗಿಸಿದರು. ನಾಯಂಡಹಳ್ಳಿಯಿಂದ ಬಂದ ಬಡಗಿ ಬೈರಯ್ಯ ಹಲಗೆಗಳನ್ನು ತಟ್ಟಿ ನೋಡಿದ.

"ಮರ ಪರವಾಗಿಲ್ಲ ಸಾರ್. ಒಳಗೆ ತುಂಬೋಕೆ ತೆಂಗಿನ ನಾರೋ ಫೋಮೋ ತಂದುಕೊಡಿ."

"ಪೆಟ್ಟಿಗೆ ತುಂಬ ಒಣಹುಲ್ಲಿದೆಯಲ್ಲ, ಅದನ್ನೇ ತುಂಬು!"

"ಹುಲ್ಲಾ ಸಾರ್?"

"ಬರೀ ಹುಲ್ಲಲ್ಲ ಬೈರಯ್ಯ, ಜರ್ಮನ್ ಹುಲ್ಲು! ಎರಡು ಟನ್ ಮಿಷನ್ನು ಇದರ ಮೇಲೆ ಕೂತು ಸಮುದ್ರ ದಾಟಿ ಬಂದಿದೆ. ನಮ್ಮ ಷಡ್ಡಕ ಕೂತರೆ ಏನಾಗತ್ತೆ?"

"ನಿಮ್ಮ ಮನೆ, ನಿಮ್ಮ ಹುಲ್ಲು," ಎಂದು ಬೈರಯ್ಯ ಉಳಿ ಎತ್ತಿಕೊಂಡ.

ನಾಲ್ಕು ದಿನದಲ್ಲಿ ಮೂರು ಜನ ಕೂರುವ ಒಂದು ಸೋಫಾ, ಜೊತೆಗೆ ಎರಡು ಕುರ್ಚಿ ಸಿದ್ಧವಾದವು. ಮೇಲೆ ಹಸಿರು ಎಲೆಗಳ ಚಿತ್ತಾರದ ಪರದೆ ಬಟ್ಟೆ. ಸತ್ಯವತಿ ಮೆಲ್ಲಗೆ ಕೂತು ನೋಡಿದಳು. ಅವಳ ಮುಖ ಅರಳಿತು. ಆಮೇಲೆ ಸ್ವಲ್ಪ ಮುದುಡಿತು.

"ಕೂತರೆ ಚರಚರ ಅನ್ನತ್ತಲ್ರೀ? ಒಳಗೇನು ಹಾಕಿಸಿದೀರಾ?"

"ಫಾರಿನ್ ಮಾಲು ಕಣೇ. ಹೊಸ ಚಪ್ಪಲಿ ಕಿರುಗುಟ್ಟಲ್ವಾ? ಇದೂ ಹಾಗೇ."

ಗೃಹಪ್ರವೇಶದ ದಿನ ಬಂತು. ಹೊಸ ಮನೆಗೆ ಮನುಷ್ಯರಿಗಿಂತ ಮೊದಲು ಹಸು ಕಾಲಿಡಬೇಕಲ್ಲ, ಹಳೇ ಕೆಂಗೇರಿಯ ಬೋರಮ್ಮ ತನ್ನ ಗೌರಿಯನ್ನು ಹಿಡಿದುಕೊಂಡು ಬಂದಳು. ಮೆಟ್ಟಿಲು ನೋಡಿ ತಲೆ ಅಲ್ಲಾಡಿಸಿದಳು.

"ಸಾಮಿ, ನಮ್ಮ ಗೌರಿಗೆ ಮೆಟ್ಲು ಅಂದ್ರೆ ಆಗಾಕಿಲ್ಲ. ಹೋದ ವಾರ ಪಕ್ಕದ ಬ್ಲಾಕಲ್ಲಿ ಆರು ಜನ ತಳ್ಳಿದ್ರೂ ಹತ್ನಿಲ್ಲ."

ಮರಿಯಪ್ಪನವರು ತಳ್ಳಲು ಪಂಚೆ ಎತ್ತಿ ಕಟ್ಟಿದರು. ಅಷ್ಟರಲ್ಲಿ ಗೌರಿ ಮೂಗು ಮೇಲೆತ್ತಿ ಗಾಳಿಯನ್ನು ಒಮ್ಮೆ ಎಳೆದುಕೊಂಡಿತು. ಮರುಕ್ಷಣ ದಡದಡನೆ ಮೆಟ್ಟಿಲು ಹತ್ತತೊಡಗಿತು! ಹಗ್ಗ ಹಿಡಿದ ಬೋರಮ್ಮ ಹಿಂದೆ ಎಳೆಸಿಕೊಂಡು ಹೋದಳು.

"ಆಹಾ!" ಎಂದು ಪುರೋಹಿತರು ಕೈಮುಗಿದರು. "ಮಹಾಲಕ್ಷ್ಮಿ ತಾನಾಗೇ ನುಗ್ತಾ ಇದ್ದಾಳೆ! ಇಂಥ ಶುಭಶಕುನ ನನ್ನ ಸರ್ವೀಸಲ್ಲೇ ನೋಡಿಲ್ಲ!"

ಮರಿಯಪ್ಪನವರ ಎದೆ ಉಬ್ಬಿ ಹೊಸ ಶರಟಿನ ಗುಂಡಿ ಕಿತ್ತುಬರುವಂತಾಯಿತು. ಎಲ್ಲರೂ ಒಳಗೆ ಬಂದರು. ಹಾಲ್‌ನಲ್ಲಿ ಗೋಪೂಜೆ ಶುರುವಾಯಿತು. ಗೌರಿ ಮುಂದೆ ಹಿಡಿದ ಬಾಳೆಹಣ್ಣಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ವತ್ಸಲಾಳ ಗಂಡ ಶ್ಯಾಮಸುಂದರ ಸೋಫಾದ ಒಂದು ತುದಿಯನ್ನು ಒತ್ತಿ ನೋಡಿದರು.

"ಏನಪ್ಪಾ ಮರಿಯಪ್ಪ, ಒಳಗೇನು ಹಾಕಿಸಿದೀಯ?"

"ಇಂಪೋರ್ಟೆಡ್ ಮಾಲು ಶ್ಯಾಮಣ್ಣ. ಜರ್ಮನಿ!"

ವತ್ಸಲಾ ಹುಬ್ಬೇರಿಸಿ, ರೇಷ್ಮೆ ಸೀರೆ ಸರಿಮಾಡಿಕೊಂಡು, ಸೋಫಾದ ನಡುವೆ ಕೂತಳು. ಸತ್ಯವತಿಯ ಜೀವನದ ಆ ಮಹಾಗಳಿಗೆ ಬಂದೇಬಿಟ್ಟಿತು. ಅವಳು ಗಂಟಲು ಸರಿಮಾಡಿಕೊಂಡಳು.

"ಹುಷಾರು ಅಕ್ಕ, ಕವರ್..."

ಪರ್‍ರ್!

ಗೌರಿ ಕವರನ್ನು ಹಲ್ಲಲ್ಲಿ ಹಿಡಿದು ಒಂದೇ ಎಳೆತಕ್ಕೆ ಹರಿದಿತ್ತು. ಒಳಗಿಂದ ಜರ್ಮನಿ ಹೊರಬಂತು. ವತ್ಸಲಾ ಕಿರುಚಿಕೊಂಡು ಎದ್ದು ಗಂಡನ ಕಾಲು ತುಳಿದಳು. ಮರಿಯಪ್ಪನವರು "ಹೈ! ಹೈ!" ಎನ್ನುತ್ತ ಕೈ ಎತ್ತಿದರು.

"ಗೋಮಾತೆಗೆ ಹೊಡೀಬೇಡಿ!" ಪುರೋಹಿತರು ಗದರಿದರು. "ಪೂಜೆ ಇನ್ನೂ ಮುಗಿದಿಲ್ಲ!"

ಹೀಗೆ ಪುರೋಹಿತರು ಮಂತ್ರ ಹೇಳುತ್ತಿದ್ದರು, ಮನೆಯವರು ಅಕ್ಷತೆ ಹಾಕುತ್ತಿದ್ದರು, ಗೌರಿ ಸೋಫಾ ತಿನ್ನುತ್ತಿತ್ತು. ಮಂಗಳಾರತಿಯ ಹೊತ್ತಿಗೆ ಸೋಫಾ ಮುಗಿದು ಒಂದು ಕುರ್ಚಿಯೂ ಅರ್ಧವಾಗಿತ್ತು. ಬರಿದಾದ ಹಲಗೆಯ ಮೇಲೆ ಪೆಟ್ಟಿಗೆಯ ಕಪ್ಪು ಬಾಣದ ಗುರುತು ಕಾಣಿಸಿತು. ಬಾಣ ನೇರವಾಗಿ ಮರಿಯಪ್ಪನವರ ಕಡೆಗೇ ತೋರಿಸುತ್ತಿತ್ತು.

ಹೊಟ್ಟೆ ತುಂಬಿದ ಗೌರಿಗೆ ಈಗ ಮೆಟ್ಟಿಲಿನ ಭಯ ನೆನಪಾಯಿತು. ಇಳಿಯಲೊಲ್ಲದು! ಕೊನೆಗೆ ಬೋರಮ್ಮನ ಸಲಹೆಯಂತೆ ಮರಿಯಪ್ಪನವರು ಅರ್ಧ ತಿಂದ ಕುರ್ಚಿಯ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದರು. ದಿಂಬು ಮೇಯುತ್ತ ಗೌರಿಯೂ ಇಳಿಯಿತು. ಮೂರೂ ಮಹಡಿಯ ಬಾಲ್ಕನಿಗಳು ಭರ್ತಿಯಾಗಿದ್ದವು.

ನೆಲದ ಮೇಲೆ ಚಾಪೆ ಹಾಸಿ ಊಟವಾಯಿತು. ಸತ್ಯವತಿ ಗಂಡನನ್ನು ಬೈಯಲಿಲ್ಲ, ಅವರ ಎಲೆಗೆ ಮಾತ್ರ ಪಾಯಸ ಬೀಳಲಿಲ್ಲ. ಹೊರಡುವಾಗ ವತ್ಸಲಾ ತಂಗಿಯ ಬೆನ್ನು ಸವರಿದಳು.

"ಹೋಗ್ಲಿ ಬಿಡೇ ಸತ್ಯಾ. ನಮ್ಮ ಸೋಫಾನೇ ಕಳಿಸಿಕೊಡ್ತೀನಿ, ನಾವು ಬೇರೆ ತಗೋತಾ ಇದೀವಿ. ಹುಷಾರಾಗಿ ಇಟ್ಕೋ ಅಷ್ಟೇ, ಕವರ್ ಹೊಸದು."

ಸತ್ಯವತಿಯ ಕಣ್ಣಲ್ಲಿ ನೀರೇ ಬಂತು. ಮರಿಯಪ್ಪನವರಿಗೆ ಆ ಕ್ಷಣ ತಮ್ಮ ಬಗ್ಗೆ ನಿಜವಾಗಿಯೂ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಅವರು ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂತು, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಬಾಗಿಲಲ್ಲಿ ಬೋರಮ್ಮ ನಿಂತಳು.

"ಸಾಮಿ, ಏನು ಮಾಡಿಬಿಟ್ರಿ! ನೆನ್ನೆಯಿಂದ ಗೌರಿ ನಮ್ಮ ಹುಲ್ಲು ಮೂಸಿ ಮಕ ತಿರುಗಿಸ್ಕೊಂತದೆ. ಅದ್ಯಾವುದೋ ಪಾರಿನ್ ಹುಲ್ಲಂತಲ್ಲ, ಇನ್ನೊಸಿ ಇದ್ರೆ ಕೊಡಿ."

"ಇಲ್ಲ ಬೋರಮ್ಮ, ಎಲ್ಲಾ ಮುಗೀತು," ಎಂದು ಮರಿಯಪ್ಪನವರು ಕುರ್ಚಿಯಲ್ಲಿ ಇನ್ನಷ್ಟು ಭದ್ರವಾಗಿ ಕೂತರು. ಕುರ್ಚಿ ಚರಚರ ಎಂದಿತು.

ಅಡುಗೆಮನೆಯಿಂದ ಸತ್ಯವತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಬೋರಮ್ಮನನ್ನು ನೋಡಿದಳು. ಕುರ್ಚಿಯನ್ನು ನೋಡಿದಳು. ಕುರ್ಚಿಯ ಮೇಲಿದ್ದವರನ್ನು ನೋಡಿದಳು.

"ಏಳ್ರೀ ಮೇಲೆ. ಗೌರಿಗೆ ತಿಂಡಿ ಹೊತ್ತಾಯ್ತು."

ಮರಿಯಪ್ಪನವರು ಎದ್ದು, ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿನ ಕಡೆ ಹೊರಟರು. ಹಿಂದಿನಿಂದ ಸತ್ಯವತಿ, ಎಷ್ಟೋ ದಿನದಿಂದ ಅಭ್ಯಾಸ ಮಾಡಿಟ್ಟಿದ್ದ ಮಾತನ್ನು ಈ ಸಲ ಪೂರ್ತಿಯಾಗಿ, ಇಡೀ ಬ್ಲಾಕಿಗೆ ಕೇಳಿಸುವಂತೆ ಹೇಳಿಯೇಬಿಟ್ಟಳು:

"ಹುಷಾರು, ಕವರ್ ಹೊಸದು!"