ಬಾನು ಬೀಯ ಮೂರನ್ನು ರದ್ದುಪಡಿಸುವ ಕುರಿತು

ಕೊಟ್ಟೂರು,
ದಿನಾಂಕ: 1 ಡಿಸೆಂಬರ್ 2025

ಇಂದ,
ಗುಲಾಮಹುಸೇನ, ವಯಸ್ಸು ಐವತ್ತೊಂಬತ್ತು,
ತಕ್ಕಡಿ ಹಾಗೂ ಎಲೆಕ್ಟ್ರಾನಿಕ್ ಕಾಟಾ ರಿಪೇರಿ (ಪರವಾನಗಿ ಉಂಟು),
ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಕೊಟ್ಟೂರು.

ಗೆ,
ಡಾಕ್ಟರ್ ಚಂದನಾ ಮೇಡಂ ಅವರು,
ನೋವಿನ ಶಿಬಿರ (ಪ್ರತಿ ತಿಂಗಳ ಎರಡನೇ ಗುರುವಾರ),
ಸಮುದಾಯ ಭವನ, ಕೊಟ್ಟೂರು.

ವಿಷಯ: ನನ್ನ ಹೆಂಡತಿ ಬಾನು ಬೀಯ ಕಾರ್ಡಿನಲ್ಲಿ ಆಕೆಯ ನೋವಿನ ಅಂಕಿಯೆಂದು ನಾನು ಬರೆಸಿದ ಹದಿನಾಲ್ಕು "ಮೂರು"ಗಳನ್ನು ರದ್ದುಪಡಿಸುವ ಮತ್ತು ನನ್ನ ಹೆಸರಿನಲ್ಲಿರುವ ದಾವಣಗೆರೆ ಚೀಟಿಯನ್ನು ಆಕೆಯ ಹೆಸರಿಗೆ ವರ್ಗಾಯಿಸುವ ಕುರಿತು.

ಉಲ್ಲೇಖ: 1) ಬಾನು ಬೀಯ ಹಳದಿ ಕಾರ್ಡು. 2) ನನ್ನ ಹಳದಿ ಕಾರ್ಡು. 3) ದಿನಾಂಕ 13-11-2025ರಂದು ಶಿಬಿರದ ಬೆಂಚಿನ ಬಳಿ ಬಾನು ಬೀ ನಕ್ಕ ನಗು (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಇದನ್ನು ಬಾಯಲ್ಲೇ ಹೇಳಿ ಮುಗಿಸಲು ನರ್ಸ್ ಹಂಪಕ್ಕನವರ ಬಳಿ ಹೋಗಿದ್ದೆ. ಅವರು, "ಹೆಸರು ಬದಲಿ ಮಾಡಾಕ ನನಗ ಅಧಿಕಾರ ಇಲ್ಲ ಚಾಚಾ. ಅದರ ಮ್ಯಾಲ ಚಾಚಿ ಕಾರ್ಡಿನ್ಯಾಗ ಮೂರೈತಿ. ಮೂರಿಗೆ ಚೀಟಿ ಕೊಡಂಗಿಲ್ಲ. ಮೇಡಂಗ ಅರ್ಜಿ ಬರೀರಿ" ಎಂದರು. ಆದಕಾರಣ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮಿಸಬೇಕು, ತಪ್ಪು ಹದಿನಾಲ್ಕು ತಿಂಗಳಷ್ಟು ಉದ್ದವಾಗಿದೆ.

1) ನಾನು ಮೂವತ್ತಾರು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದೇನೆ. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯ ತನಕ ಯಾವ ಅಂಗಡಿಯ ತಕ್ಕಡಿ ಮುಳ್ಳು ವಾಲಿದರೂ ನನಗೇ ಫೋನು ಬರುತ್ತದೆ. ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಸಿ ತೂಕ ಕದಿಯುವವರನ್ನು ನಾನು ಮೂಸಿಯೇ ಹಿಡಿಯಬಲ್ಲೆ. ತೂಕದ ವಿಷಯದಲ್ಲಿ ಕೊಟ್ಟೂರಿನಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಈ ಹೆಮ್ಮೆಯೇ ಮುಂದಿನ ಅನಾಹುತಕ್ಕೆ ಕಾರಣವಾದ್ದರಿಂದ ಮೊದಲೇ ನಮೂದಿಸಿದ್ದೇನೆ.

2) ಬಾನು ಬೀ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಲುಂಗಿ, ಹರಿದ ಅಂಗಿ, ಏನು ತಂದು ಕೊಟ್ಟರೂ ಒಂದರ ಮೇಲೊಂದು ಹಾಸಿ, ಸಾಲು ಹಿಡಿದು ಹೊಲಿದು ಕೊಡುತ್ತಾಳೆ. ಈ ಊರಿನ ಅರ್ಧ ಕೂಸುಗಳು ಆಕೆಯ ಕೌದಿಯ ಮೇಲೆಯೇ ಉಚ್ಚೆ ಹೊಯ್ದು ಬೆಳೆದಿವೆ. ನಾಲ್ಕು ವರ್ಷದಿಂದ ಆಕೆಯ ಬಲಗೈ ಹೆಗಲಿನಿಂದ ಬೆರಳಿನ ತುದಿಯ ತನಕ ನೋಯುತ್ತಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಕ್ಸ್‌ರೇಗೆ ಕಾಣದ್ದು ತೂಕಕ್ಕೂ ಬಾರದು ಎಂಬುದು ನನ್ನ ಆಗಿನ ಅಭಿಪ್ರಾಯವಾಗಿತ್ತು. ಮನೆಯಲ್ಲಿ ನಾವು ಆಡುವುದು ಉರ್ದು. ನೋವಿನ ಮಾತು ಬಂದಾಗ ಮಾತ್ರ ಆಕೆ ಕನ್ನಡಕ್ಕೆ ಹೊರಳುತ್ತಾಳೆ, ಏಕೆಂದರೆ ನೋವಿನ ಮಾತುಗಳನ್ನು ಆಕೆ ಕಲಿತದ್ದು ಕೌದಿ ಹೊಲಿಯಲು ಕೂಡುವ ಓಣಿಯ ಹೆಂಗಸರಿಂದ.

3) ಕಳೆದ ವರ್ಷ ಅಕ್ಟೋಬರಿನಲ್ಲಿ ಶಿಬಿರ ಶುರುವಾದಾಗ ಮೊದಲ ದಿನವೇ ಆಕೆಯನ್ನು ಕರೆತಂದೆ. ಹಂಪಕ್ಕನವರು ಕಾರ್ಡು ತೆಗೆದು, "ಸೊನ್ನಿ ಅಂದ್ರ ನೋವ ಇಲ್ಲ. ಹತ್ತು ಅಂದ್ರ ತಡಕಳ್ಳಾಕ ಆಗಂಗಿಲ್ಲ. ನಿಮ್ಮದೆಷ್ಟು ಹೇಳ್ರಿ ಚಾಚಿ" ಎಂದು ಕೇಳಿದರು.

ಬಾನು ಬೀ, "ಅದು ಹೆಂಗಂದ್ರವಾ, ತೊಯ್ದ ಕೌದಿ ಹೆಗಲ ಮ್ಯಾಲ..." ಎಂದು ಶುರು ಮಾಡಿದಳು.

"ಮೂರು ಅಂತ ಬರ್ಕಳ್ರಿ" ಎಂದೆ ನಾನು.

ಏಳು ಮತ್ತು ಏಳರ ಮೇಲಿನವರಿಗೆ ದಾವಣಗೆರೆಯ ನರದ ಡಾಕ್ಟರಿಗೆ ಚೀಟಿ, ಕೆಳಗಿನವರಿಗೆ ಹಸಿರು ಮುಲಾಮು ಎಂಬ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಸಿದೆ. ಎರಡನೇ ತಿಂಗಳು ತಾವೇ ಆಕೆಯನ್ನು "ಕೈ ಮೇಲೆತ್ತುತ್ತೀರಾ ಅಮ್ಮ?" ಎಂದು ಕೇಳಿದಿರಿ. "ಎತ್ತತಾಳ್ರಿ" ಎಂದೆ. ಹೊರಗೆ ತೊಂಬತ್ತು ಜನ ಕಾಯುತ್ತಿದ್ದರು, ತಾವು ನಂಬಿದಿರಿ. ಇದರಲ್ಲಿ ತಮ್ಮ ತಪ್ಪು ಏನೂ ಇರುವುದಿಲ್ಲ.

4) ಮೂರು ಎಲ್ಲಿಂದ ಬಂತು ಎಂಬುದಕ್ಕೆ ವಿವರಣೆ. ಯಾವ ಕಾಟಾದ ಮೇಲಾದರೂ ಅದು ತಡೆಯುವ ಗರಿಷ್ಠ ತೂಕವನ್ನು ಬರೆದಿರುತ್ತಾರೆ. ಬುದ್ಧಿ ಇದ್ದವನು ಆ ತನಕ ಹೇರುವುದಿಲ್ಲ. ಅರ್ಧಕ್ಕೇ ನಿಲ್ಲಿಸಿದರೆ ಕಾಟಾ ಬಾಳಿಕೆ ಬರುತ್ತದೆ. ಅದೇ ಲೆಕ್ಕದಲ್ಲಿ ನಾನು, ಕಾಲ ಮೇಲೆ ಲಾರಿ ಹರಿದರೆ ಹತ್ತು, ಹೆರಿಗೆಗೆ ಒಂಬತ್ತು (ಕೇಳಿ ತಿಳಿದದ್ದು), ಮೂಳೆ ಮುರಿದರೆ ಎಂಟು, ಹಲ್ಲು ಬೇನೆಗೆ ಆರು ಎಂದು ಪಟ್ಟಿ ಮಾಡಿದೆ. ಬಾನು ಬೀ ಬೆಳಿಗ್ಗೆ ರೊಟ್ಟಿ ಬಡಿಯುತ್ತಾಳೆ, ಚಹಾ ಮಾಡುತ್ತಾಳೆ, ನನ್ನನ್ನು ಬಯ್ಯುತ್ತಾಳೆ. ಆದ್ದರಿಂದ ಮೂರು. ಇದರಲ್ಲಿ ಒಂದೂ ನಾನು ಉಂಡ ನೋವಲ್ಲ ಎಂಬುದು ಆಗ ಹೊಳೆಯಲಿಲ್ಲ.

5) ಅಂಕಿಯಿಂದ ಮೋಸ ಹೋದವರು ನಾವಷ್ಟೇ ಅಲ್ಲ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ. ಗುಡೇಕೋಟೆಯ ಓಬಳೇಶಪ್ಪ ಕುರಿ ಸಾಕುವ ಮನುಷ್ಯ. ಮೊಣಕಾಲು ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದ. ಎಷ್ಟೆಂದು ಕೇಳಿದಾಗ ಅವನು, "ನಾ ಕುರಿ ಎಣಿಸ್ತೀನವ್ವ, ನೋವ ಎಣಿಸಿಲ್ಲ. ಮೊದಲು ಒಂದ ಉಸಿರಿಗೆ ಗುಡ್ಡ ಹತ್ತತಿದ್ದೆ. ಈಗ ಹತ್ತೂದ್ರಾಗ ನಾಕು ಸಲ ಕುಂದ್ರತೀನಿ" ಎಂದ. ಕಾರ್ಡಿನಲ್ಲಿ ನಾಲ್ಕು ಎಂದು ಬಿತ್ತು. ಮುಲಾಮು ಕೊಟ್ಟರು. ಇನ್ನೂ ಮೂರು ಸಲ ಕುಂತಿದ್ದರೆ ಅವನು ದಾವಣಗೆರೆ ನೋಡುತ್ತಿದ್ದ.

6) ಈ ಅಂಶವನ್ನು ಬಾನು ಬೀ ತೆಗೆಸಿದ್ದಾಳೆ.

7) ನವೆಂಬರ್ ಹತ್ತರಂದು ಹಗರಿಬೊಮ್ಮನಹಳ್ಳಿಯಲ್ಲಿ ಬಂಗಾರಪ್ಪನವರ ಮೆಕ್ಕೆಜೋಳದ ಅಂಗಡಿಯ ಕಾಟಾ ಪರೀಕ್ಷೆ ಮಾಡಲು ಇಪ್ಪತ್ತು ಕೆಜಿಯ ತೂಕದ ಕಲ್ಲು ಎತ್ತಿದೆ. ಕಲ್ಲು ಮೇಲೆ ಬಂತು. ಸೊಂಟ ಕೆಳಗೇ ಉಳಿಯಿತು. ಬಂಗಾರಪ್ಪನವರು ಓಡಿ ಬಂದು, "ಏನಾತ್ರಿ ಸಾಬ್ರ?" ಎಂದರು. "ಸತ್ತೆ" ಎಂದೆ. ಸಾಯಲಿಲ್ಲ ಎಂಬುದಕ್ಕೆ ಈ ಅರ್ಜಿಯೇ ಸಾಕ್ಷಿ. ಜೋಳದ ಚೀಲದ ಜೊತೆ ನನ್ನನ್ನೂ ಗಾಡಿಯಲ್ಲಿ ಹಾಕಿ ಕೊಟ್ಟೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಒದರಿದೆ. ಮೂರು ದಿನ ಬಾನು ಬೀ ಎಡಗೈಯಲ್ಲಿ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಎಡಗೈ ಏಕೆ ಎಂದು ನಾನು ಕೇಳಲಿಲ್ಲ. ಸರಿಯಾಗಿ ಒತ್ತುತ್ತಿಲ್ಲ ಎಂದು ಮಾತ್ರ ಹೇಳಿದೆ.

8) ನಾಲ್ಕನೇ ದಿನ ಶಿಬಿರ. ನಾನು ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ್ದೆ. ಮೊದಲು ಬಾನು ಬೀಯ ಸರದಿ ಬಂತು. ಹಂಪಕ್ಕನವರು ಎಷ್ಟೆಂದರು. ಮಲಗಿದಲ್ಲಿಂದಲೇ, ರೂಢಿಯ ಪ್ರಕಾರ, "ಮೂರು" ಎಂದೆ. ಆಮೇಲೆ ನನ್ನ ಸರದಿ. "ಹನ್ನೆರಡು" ಎಂದೆ.

"ಹತ್ತರ ಮ್ಯಾಲ ಕಾಲಂ ಇಲ್ಲ ಚಾಚಾ."

"ಹಂಗಾದ್ರ ಕಾಲಂ ಹಾಕ್ರಿ!"

ಆಗ ಬಾನು ಬೀ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಅದನ್ನು ನೋಡಿ ಒಂದು ಗಳಿಗೆ ನನಗೆ ಸೊಂಟವೇ ಮರೆತುಹೋಯಿತು. ಹಂಪಕ್ಕನವರು ಹತ್ತು ಎಂದು ಬರೆದುಕೊಂಡು, ಆ ತಿಂಗಳ ಪಾಲಿನಲ್ಲಿ ಉಳಿದಿದ್ದ ಕೊನೆಯ ಚೀಟಿಯನ್ನು ನನ್ನ ಕೈಗಿಟ್ಟರು. ಡಿಸೆಂಬರ್ ಹದಿನೆಂಟಕ್ಕೆ ದಾವಣಗೆರೆ.

ಹೊರಗೆ ಚಹಾದಂಗಡಿಯಲ್ಲಿ ನಿಂತುಕೊಂಡೇ ಚಹಾ ಕುಡಿದೆವು. ಕೂರಲು ನನಗೆ ಆಗುತ್ತಿರಲಿಲ್ಲ. ಏಕೆ ನಕ್ಕೆ ಎಂದು ಕೇಳಿದೆ.

"ನಿಮ್ಮದು ನಾಕು ದಿನದ್ದು. ನಂದು ನಾಕು ವರ್ಷದ್ದು. ನೀವು ಒದರಿದ್ರಿ, ನಾ ಒದರಲಿಲ್ಲ. ಅಷ್ಟ ಫರಕು ನೋಡ್ರಿ."

"ಒದರಬೇಕಿತ್ತು."

"ಯಾರ ಮುಂದ? ನಾ ಬಾಯಿ ತಗಿಯೂದ್ರಾಗ ನೀವು ತೂಗಿ ಮುಗಿಸಿರ್ತೀರಿ."

ಚಹಾ ಮುಗಿಸಿ ಲೋಟ ಇಟ್ಟೆ. ಕೊನೆಗೆ, "ಖರೇ ಹೇಳು. ಎಷ್ಟೈತಿ?" ಎಂದು ಕೇಳಿದೆ. ನಾಲ್ಕು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಎಷ್ಟಂತ ಹೇಳ್ಲಿ? ಸೂಜಿಗೆ ದಾರ ಹಾಕಾಕ ಬರವಲ್ದು ನನಗ. ಅದಕ ಅಂಕಿ ಐತೇನು?"

9) ಸದರಿ ಹೇಳಿಕೆಯ ಸತ್ಯಾಸತ್ಯತೆ ಪರಿಶೀಲಿಸಲು ಮನೆಗೆ ಬಂದು ನೋಡಲಾಗಿ, ಬಾಗಿಲ ಪರದೆಯ ಅಂಚಿಗೆ ದಾರ ಪೋಣಿಸಿದ ಇಪ್ಪತ್ತು ಸೂಜಿಗಳು ಸಾಲಾಗಿ ಚುಚ್ಚಿದ್ದವು. ಈ ಸಾಲನ್ನು ನಾನು ದಿನಾ ನೋಡುತ್ತಿದ್ದೆ. ನೆಂಟರ ಮುಂದೆ, "ನೋಡ್ರಿ, ಕೆಲಸ ಅಂದ್ರ ಹಿಂಗ ಮುಂಚೆ ತಯಾರಿರಬೇಕು" ಎಂದು ಹೊಗಳಿಯೂ ಇದ್ದೆ. ಪಕ್ಕದ ಮನೆಯ ಪಾಲಮ್ಮನನ್ನು (ತೆಲಿಗಿ ಊರಿನ ಕಡೆಯವಳು, ಮಾತು ನೇರ) ಗೋಡೆಯ ಮೇಲಿಂದ ವಿಚಾರಿಸಿದೆ.

"ಎಂಟು ತಿಂಗಳಾತು ಸಾಬ್ರ. ಸೋಮವಾರಕ್ಕೊಮ್ಮಿ ಬಂದು ನಾನ ಇಪ್ಪತ್ತು ಸೂಜಿಗೆ ದಾರ ಹಾಕಿ ಕೊಟ್ಟು ಹೋಗ್ತೀನಿ. ಯಾಕ, ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ "ಗೊತ್ತೈತಿ" ಎಂದೆ. ಅದು ಸುಳ್ಳು ಹೇಳಿಕೆಯಾದ ಕಾರಣ ಈ ಮೂಲಕ ಹಿಂಪಡೆಯುತ್ತೇನೆ. ಮೊದಲು ಹದಿನೈದು ದಿನಕ್ಕೆ ಒಂದು ಕೌದಿ ಮುಗಿಯುತ್ತಿತ್ತು. ಈಗ ಹರವಿರುವುದು ಬಕ್ರೀದಿನಲ್ಲಿ ಹಾಸಿದ ಕೌದಿ. ಅದು ಇನ್ನೂ ಅರ್ಧದಲ್ಲಿದೆ. ಆಕೆಗೆ ವಯಸ್ಸಾಯಿತು, ಆಸಕ್ತಿ ಕಮ್ಮಿಯಾಯಿತು ಎಂದು ನಾನೇ ತೀರ್ಮಾನಿಸಿ ಸುಮ್ಮನಿದ್ದೆ.

10) ಇದಾದ ಮೇಲೆ ನಮ್ಮ ಕಸುಬಿನ ಪದ್ಧತಿಯಂತೆ ಪರೀಕ್ಷೆ ನಡೆಸಿದೆ. ಒಂದೇ ಕಲ್ಲನ್ನು ಮೂರು ಸಲ ಇಟ್ಟು ನೋಡುತ್ತೇವೆ. ಮೂರು ಸಲವೂ ಒಂದೇ ತೂಕ ತೋರಿಸಿದರೆ ತಕ್ಕಡಿ ಸರಿ; ಒಂದೊಂದು ಸಲ ಒಂದೊಂದು ತೋರಿಸಿದರೆ ಕೆಟ್ಟಿದೆ ಎಂದರ್ಥ. ನಡುವೆ ಮೂರು ಮೂರು ದಿನ ಬಿಟ್ಟು ಬಾನು ಬೀಯನ್ನು ಮೂರು ಸಲ, ಪ್ರತಿ ಸಲ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕೇಳಿದೆ. ಬಾಯಿ ಮುಚ್ಚಿಕೊಂಡು ಬರೆದುಕೊಂಡೆ. ಆಕೆ ಹೇಳಿದ್ದು ಹೀಗಿದೆ:

ಬೆಳಿಗ್ಗೆ: "ತೊಯ್ದ ಕೌದಿ ಹೆಗಲ ಮ್ಯಾಲ ಹಾಕಿದಂಗ. ಹಿಂಡಾಕೂ ಬರಂಗಿಲ್ಲ, ಇಳಿಸಾಕೂ ಬರಂಗಿಲ್ಲ."

ಮಧ್ಯಾಹ್ನ: "ಕೆಂಪಿರುವಿ ಸಾಲು ಮೊಣಕೈಯಿಂದ ಬೆರಳಿಗೆ ಇಳದಂಗ."

ಸಂಜೆ: "ಒಳಗ ಕುಂತು ಯಾರೋ ದಾರ ಜಗ್ಗಿದಂಗ. ಗಂಟು ಬಿದ್ದೈತಿ, ಜಗ್ಗೂದು ಬಿಡವಲ್ರು."

ಮೂರು ಸಲವೂ ಆಯಾ ಹೊತ್ತಿಗೆ ಇದೇ ಮಾತು. ಒಂದು ಎಳೆ ವ್ಯತ್ಯಾಸವಿಲ್ಲ. ಅದೇ ಅವಧಿಯಲ್ಲಿ ನನ್ನ ಸೊಂಟವನ್ನೂ ಪರೀಕ್ಷಿಸಲಾಗಿ, ಮೊದಲ ಸಲ ಹನ್ನೆರಡು, ಎರಡನೇ ಸಲ ಐದು, ಮೂರನೇ ಸಲ ಮರೆತೇ ಹೋಗಿತ್ತು. ಆದ್ದರಿಂದ ಬಾನು ಬೀಯ ತಕ್ಕಡಿ ಸರಿಯಿದೆಯೆಂದೂ ಕೆಟ್ಟಿರುವುದು ನನ್ನದೆಂದೂ ಪರವಾನಗಿದಾರನಾದ ನಾನು ದೃಢೀಕರಿಸುತ್ತೇನೆ. ಊರಿನವರ ತಟ್ಟೆಯ ತಳ ಮೂಸಿದವನು ಸ್ವಂತ ಮನೆಯ ತಟ್ಟೆಗೆ ಹದಿನಾಲ್ಕು ತಿಂಗಳು ಹುಣಸೆಹಣ್ಣು ಅಂಟಿಸಿದ್ದೆ. ಇದರಿಂದ ನನಗೆ ಬಹಳ ಸಂಕಟವಾಗಿದೆ. ಸಂಕಟಕ್ಕೂ ಅಂಕಿ ಕೇಳಿದರೆ ನನ್ನ ಬಳಿ ಇಲ್ಲ ಮೇಡಂ.

ಆದ್ದರಿಂದ, ಮೇಲಿನ ಕಾರಣಗಳಿಂದ, ತಾವು ದಯಮಾಡಿ:

ಅ) ಹದಿನಾಲ್ಕು ಮೂರುಗಳಿಗೂ ಕೆಂಪು ಗೆರೆ ಎಳೆದು, "ಗಂಡ ಹೇಳಿದ್ದು" ಎಂದು ಪಕ್ಕದಲ್ಲಿ ಬರೆಯಬೇಕು.

ಆ) ಡಿಸೆಂಬರ್ ಹದಿನೆಂಟರ ಚೀಟಿಯಲ್ಲಿ ಗುಲಾಮಹುಸೇನ ಎಂಬುದನ್ನು ಹೊಡೆದು ಬಾನು ಬೀ ಎಂದು ತಿದ್ದಬೇಕು. ಇದನ್ನು ಹನ್ನೊಂದರ ಶಿಬಿರದಲ್ಲೇ ಮಾಡದಿದ್ದರೆ ಚೀಟಿ ವ್ಯರ್ಥವಾಗಿ, ವಾಸಿಯಾದ ಸೊಂಟವೊಂದು ಸುಮ್ಮನೆ ದಾವಣಗೆರೆಗೆ ಹೋಗಿ ಬರಬೇಕಾಗುತ್ತದೆ.

ಇ) ಓಬಳೇಶಪ್ಪನನ್ನು ಇನ್ನೊಮ್ಮೆ ಕೇಳಬೇಕು. ಗುಡ್ಡದ ಎತ್ತರವನ್ನೂ ಕೇಳಬೇಕು.

ತಮ್ಮ ವಿಶ್ವಾಸಿ (ವಿಶ್ವಾಸ ಉಳಿದಿದ್ದಲ್ಲಿ),

ಗುಲಾಮಹುಸೇನ

ಲಗತ್ತುಗಳು:
1. ದಾವಣಗೆರೆ ಚೀಟಿ, ಅಸಲು.
2. ಬಾನು ಬೀಯ ಹೇಳಿಕೆ, ಮೂರು ಪ್ರತಿ. ಮೂರೂ ಒಂದೇ ಆಗಿರುತ್ತವೆ.
3. ಹಸಿರು ಮುಲಾಮು, ಒಂಬತ್ತು ಟ್ಯೂಬು, ತೆರೆದಿಲ್ಲ.
4. ಸೂಜಿ ಒಂದು, ದಾರವಿಲ್ಲದ್ದು. ಅಂಕಿ ಕೇಳುವ ಬದಲು ಇದನ್ನೂ ಒಂದೆಳೆ ದಾರವನ್ನೂ ಆಕೆಯ ಕೈಗೆ ಕೊಟ್ಟು ಸುಮ್ಮನೆ ನೋಡಬೇಕು.

ವಿ.ಸೂ.: ಈ ಅರ್ಜಿಯನ್ನು ಬಾನು ಬೀಗೆ ಓದಿ ಹೇಳಲಾಯಿತು. ಪೂರ್ತಿ ಕೇಳಿ ಆಕೆ, "ಇಷ್ಟುದ್ದ ಯಾಕ ಬರದ್ರಿ? ಕೈ ಭಾಳ ಬ್ಯಾನಿ ಐತಿ ಅಂತ ಒಂದ ಮಾತು ಬರದಿದ್ರ ಸಾಕಿತ್ತಲ್ರಿ" ಎಂದಳು. ಆ ಒಂದು ಮಾತನ್ನು ಹೇಳಲು ಆಕೆ ತಮ್ಮ ಶಿಬಿರದಲ್ಲಿ ಹದಿನಾಲ್ಕು ಸಲ ಬಾಯಿ ತೆರೆದದ್ದನ್ನು ನಾನು ಪಕ್ಕದಲ್ಲೇ ಇದ್ದು ನೋಡಿದ್ದೇನೆ. ಆದಕಾರಣ ಹನ್ನೊಂದರಂದು ಆಕೆಯನ್ನು ಒಬ್ಬಳನ್ನೇ ತಮ್ಮ ಕೋಣೆಯೊಳಗೆ ಕರೆದು, ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕಿಕೊಳ್ಳಬೇಕಾಗಿ ಕೊನೆಯ ವಿನಂತಿ. ಆ ಬಾಗಿಲಿನ ಚಿಲಕ ಸಡಿಲಾಗಿದೆ, ಹೊರಗಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ. ಹಿಂದಿನ ದಿನ, ಬುಧವಾರ ಸಂಜೆ ನಾನೇ ಬಂದು ರಿಪೇರಿ ಮಾಡಿಕೊಡುತ್ತೇನೆ.